ಸ್ಟಾರೆ ಹೋದರು, ಇನ್ನು ಬ್ಲಾಸ್ಟರ್ಸ್‌ಗೆ ಯಾರು?

ಉಪ್ಪಳದ ಹಳದಿ
17 ಡಿಸೆಂಬರ್ 2024, ರಾತ್ರಿ 8:40

ನಿನ್ನೆ ಸುದ್ದಿ ಬಂತು, ನಮ್ಮ ಫುಟ್‌ಬಾಲ್ ಕ್ಲಬ್ ಕೇರಳ ಬ್ಲಾಸ್ಟರ್ಸ್ ಕೋಚ್ ಮಿಕಾಯೆಲ್ ಸ್ಟಾರೆಯವರನ್ನು ಕೈಬಿಟ್ಟಿದೆ. ಜೊತೆಗೆ ಬಂದಿದ್ದ ಸಹಾಯಕರೂ ಹೊರಟರು. ಸದ್ಯಕ್ಕೆ ಟಿ.ಜಿ. ಪುರುಷೋತ್ತಮನ್ ಮತ್ತು ರಿಸರ್ವ್ ತಂಡದ ತೋಮಸ್ ಚೋರ್ಸ್ ನೋಡಿಕೊಳ್ತಾರೆ. ಬೆಳಿಗ್ಗೆಯಿಂದ ಎಲ್ಲಿ ನೋಡಿದರೂ ಹೆಸರುಗಳೇ. ಹಿಂದಿನ ಕೋಚ್ ಇವಾನ್ ವಾಪಸ್ ಬರಲಿ, ಖಾಲಿದ್ ಜಮೀಲ್ ಬರಲಿ, ಸ್ಪೇನಿನವರು ಬರಲಿ ಅಂತ. ಹೆಸರು ಹೇಳುವ ಮೊದಲು ಒಮ್ಮೆ ಲೆಕ್ಕ ನೋಡುವ.

12 ಪಂದ್ಯ. ಗೆದ್ದದ್ದು 3, ಡ್ರಾ 2, ಸೋತದ್ದು 7. 11 ಅಂಕ, ಹತ್ತನೇ ಸ್ಥಾನ. ಹೊಡೆದ ಗೋಲು 19, ಬಿಟ್ಟುಕೊಟ್ಟದ್ದು 24. ಒಂದೂ ಗೋಲು ಬಿಡದೆ ಮುಗಿಸಿದ ಪಂದ್ಯ ಒಂದೇ ಒಂದು, ಚೆನ್ನೈಯಿನ್ ಮೇಲಿನ 3-0. ಅಂದರೆ ನಮ್ಮ ರೋಗ ಮುಂದೆ ಇಲ್ಲ, ಹಿಂದೆ ಉಂಟು. ನೋವಾ, ಹಿಮೆನೆಸ್, ಲೂನಾ ಮೂವರೂ ಇರುವ ತಂಡಕ್ಕೆ ಗೋಲು ಬರ್ತದೆ. ಬಂದ ಗೋಲನ್ನು ಉಳಿಸಿಕೊಳ್ಳಲಿಕ್ಕೆ ಆಗ್ತಾ ಇಲ್ಲ. ಒಡಿಶಾ ಮೇಲೆ 2-0 ಮುಂದೆ ಇದ್ದು 2-2. ಮನೆಯಂಗಳದಲ್ಲಿ ಹೈದರಾಬಾದ್ ಮೇಲೆ ಮೊದಲು ಗೋಲು ಹೊಡೆದು 1-2. ಮೊನ್ನೆ ಶನಿವಾರ ಕೋಲ್ಕತ್ತದಲ್ಲಿ 85ನೇ ನಿಮಿಷದವರೆಗೆ 2-1 ಮುಂದೆ ಇದ್ದೆವು, ಮುಗಿಯುವಾಗ 2-3. ಆ ಕೊನೆಯ ಗೋಲಿನ ನಂತರ ನಾನು ಟಿವಿ ಆರಿಸದೆ ಹಾಗೇ ಕೂತಿದ್ದೆ.

ನನ್ನ ಅಭಿಪ್ರಾಯ: ಈಗ ಬರುವವರಿಗೆ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಗೊತ್ತಿರಬೇಕು. ನಡು ಸೀಸನ್‌ನಲ್ಲಿ ಬಂದು ಆಟಗಾರರ ಹೆಸರು ಕಲಿಯುವುದರಲ್ಲೇ ಒಂದು ತಿಂಗಳು ಹೋದರೆ ಉಳಿದ 12 ಪಂದ್ಯದಲ್ಲಿ ಆರು ಮುಗಿದೇ ಹೋಗ್ತದೆ. ಪ್ಲೇ ಆಫ್‌ಗೆ ಮೊದಲ ಆರರೊಳಗೆ ಬರಬೇಕಾದರೆ ಅಷ್ಟು ಸಮಯ ನಮ್ಮಲ್ಲಿಲ್ಲ. ಹಾಗಾಗಿ ನನ್ನ ಮತ ಖಾಲಿದ್ ಜಮೀಲ್‌ರಂಥವರಿಗೆ. ನಿಮ್ಮದು ಹೇಳಿ.

ಅಡಿಕೆ ತೋಟದವ, ಮುಳ್ಳೇರಿಯ
17 ಡಿಸೆಂಬರ್, ರಾತ್ರಿ 9:05

ಇವಾನ್ ಆಶಾನ್, ನಮ್ಮ ಗುರು. ಬೇರೆ ಹೆಸರು ನನ್ನ ಬಾಯಲ್ಲಿ ಬರುವುದಿಲ್ಲ. ಮೂರು ಸೀಸನ್, ಮೂರು ಸಲ ಪ್ಲೇ ಆಫ್. ಅದಕ್ಕಿಂತ ಮೊದಲು ಯಾವ ಕೋಚ್ ಇಲ್ಲಿ ಮೂರು ವರ್ಷ ನಿಂತಿದ್ದಾರೆ ಹೇಳಿ ನೋಡುವ?

ಶಾರ್ಜಾದಲ್ಲಿರುವ ಕುಂಬಳೆಯವ
17 ಡಿಸೆಂಬರ್, ರಾತ್ರಿ 9:31

ಖಾಲಿದ್ ಭಾಯಿ ಬಗ್ಗೆ ನನಗೆ ಪೂರ್ತಿ ಒಪ್ಪಿಗೆ. ಐಜ್ವಾಲ್‌ನಂಥ ಸಣ್ಣ ತಂಡ ಕಟ್ಟಿಕೊಂಡು 2017ರಲ್ಲಿ ಐ-ಲೀಗ್ ಗೆದ್ದವರು ಅವರು. ಒಂದು ವರ್ಷ ಹಿಂದೆ ಅದೇ ತಂಡ ಕೆಳಗಿನ ಲೀಗಿಗೆ ಬಿದ್ದಿತ್ತು, ಆಮೇಲೆ ಮತ್ತೆ ಸೇರಿಸಿಕೊಂಡದ್ದು. ನಾರ್ತ್‌ಈಸ್ಟ್ ತಂಡದಲ್ಲಿ ನಡು ಸೀಸನ್‌ನಲ್ಲೇ ಹೊಣೆ ಹೊತ್ತು 2020-21ರಲ್ಲಿ ಪ್ಲೇ ಆಫ್‌ಗೆ ತಂದರು. ನಮಗೆ ಈಗ ಬೇಕಾದ್ದು ಅದೇ ಕೆಲಸ.

ಆದರೆ ಅವರು ಜಮ್‌ಶೆಡ್‌ಪುರದಲ್ಲಿ ಇದ್ದಾರಲ್ಲ ಮಾರಾಯ್ರೆ. ಚೆನ್ನಾಗಿ ಆಡುತ್ತಿರುವ ತಂಡವನ್ನು ಬಿಟ್ಟು ಡಿಸೆಂಬರ್‌ನಲ್ಲಿ ಯಾರು ಬರ್ತಾರೆ?

ನೀರ್ಚಾಲು ಮಾಷ್ಟ್ರು
17 ಡಿಸೆಂಬರ್, ರಾತ್ರಿ 10:12

ಉಪ್ಪಳದವರು ಲೆಕ್ಕ ಸರಿಯಾಗಿ ಇಟ್ಟಿದ್ದೀರಿ, ಆದರೆ ಲೆಕ್ಕದಿಂದ ತೆಗೆದ ಉತ್ತರ ಸರಿಯಿಲ್ಲ. "ಭಾರತ ಗೊತ್ತಿರುವ ಕೋಚ್" ಎಂಬ ಮಾತನ್ನು ನಾವು ಹಿಂದೆಯೂ ನಂಬಿದ್ದೆವು. ಎಲ್ಕೊ ಸ್ಕಾಟೋರಿ ನಾರ್ತ್‌ಈಸ್ಟನ್ನು 2018-19ರಲ್ಲಿ ಪ್ಲೇ ಆಫ್‌ಗೆ ತಂದವರು. ಅವರನ್ನು ತಂದೆವು, ಏಳನೇ ಸ್ಥಾನ. ಕಿಬು ವಿಕುನಾ ಮೋಹನ್ ಬಗಾನ್‌ಗೆ ಐ-ಲೀಗ್ ಗೆದ್ದುಕೊಟ್ಟು ನೇರ ನಮ್ಮಲ್ಲಿಗೆ ಬಂದರು. 2020-21ರಲ್ಲಿ ಹನ್ನೊಂದು ತಂಡಗಳಲ್ಲಿ ಹತ್ತನೆಯವರಾಗಿ ಮುಗಿಸಿದೆವು, ಸೀಸನ್ ಮುಗಿಯುವ ಮೊದಲೇ ಅವರೂ ಹೋದರು. ಇಬ್ಬರಿಗೂ ಭಾರತ ಗೊತ್ತಿತ್ತು. ಆಮೇಲೆ ಬಂದವರು ಇವಾನ್. ಸರ್ಬಿಯಾದವರು, ಭಾರತದಲ್ಲಿ ಒಂದು ದಿನವೂ ಕೆಲಸ ಮಾಡಿದವರಲ್ಲ. ಮೊದಲ ಸೀಸನ್‌ನಲ್ಲೇ ಫೈನಲ್.

ಸ್ಟಾರೆ ಕೂಡ ತಿಳಿಯದವರಲ್ಲ. 2009ರಲ್ಲಿ ಎಐಕೆ ತಂಡಕ್ಕೆ ಸ್ವೀಡನ್ನಿನ ಲೀಗ್ ಮತ್ತು ಕಪ್ ಎರಡನ್ನೂ ಗೆದ್ದುಕೊಟ್ಟವರು. ಹಾಗಾದರೆ ಕೋಚ್ ಎಲ್ಲಿಂದ ಬಂದರು ಎನ್ನುವುದಕ್ಕಿಂತ, ಬಂದವರ ಕೈಗೆ ಯಾವ ತಂಡ ಕೊಟ್ಟೆವು ಎಂದು ಕೇಳಬೇಕಲ್ಲವೇ? ಕಳೆದ ಬೇಸಗೆಯಲ್ಲಿ ಹೊರಟವರನ್ನು ನೆನಪು ಮಾಡಿಕೊಳ್ಳಿ. ದಿಮಿ, ಅಂದರೆ 13 ಗೋಲು ಹೊಡೆದು ಗೋಲ್ಡನ್ ಬೂಟ್ ಗೆದ್ದ ದಿಯಾಮಂಟಕೋಸ್, ಈಸ್ಟ್ ಬೆಂಗಾಲ್‌ಗೆ. ಜೀಕ್ಸನ್ ಸಿಂಗ್ ಕೂಡ ಅಲ್ಲಿಗೇ. ಡಿಫೆನ್ಸಿನ ಬೆನ್ನೆಲುಬಾಗಿದ್ದ ಲೆಸ್ಕೋವಿಚ್ ಹೋದರು. ಸಕಾಯಿ ಹೋದರು. ಅದಕ್ಕಿಂತ ಒಂದು ವರ್ಷ ಮೊದಲು ಸಹಲ್. ಹಿಮೆನೆಸ್ ಬಂದದ್ದು ಆಗಸ್ಟ್ ಕೊನೆಗೆ, ಲೀಗ್ ಶುರುವಾಗಲು ಎರಡು ವಾರ ಇರುವಾಗ. ತೆಂಗಿನ ಬುಡ ಕಡಿದು ಮೇಲೆ ಎಳನೀರು ಹುಡುಕಿದ ಹಾಗೆ ನಾವು ಕೋಚನ್ನು ಹುಡುಕುತ್ತಿದ್ದೇವೆ.

ಕಂಠೀರವದ ಭಾವ
17 ಡಿಸೆಂಬರ್, ರಾತ್ರಿ 10:40

ಬದಿಯಡ್ಕದವನೇ, ಈಗ ಬೆಂಗಳೂರಿನಲ್ಲಿ ಇರುವುದು. ನೀಲಿ ಅಂಗಿಯವ, ಬೆಂಗಳೂರು ಎಫ್‌ಸಿ ಕಡೆಯವ ಅಂತ ಎಲ್ಲರಿಗೂ ಗೊತ್ತುಂಟು. ಡಿಸೆಂಬರ್ 7ಕ್ಕೆ ನಾನು ಕಂಠೀರವದಲ್ಲೇ ಇದ್ದೆ. 40ರ ವಯಸ್ಸಿನಲ್ಲಿ ಛೆಟ್ರಿ ಹ್ಯಾಟ್ರಿಕ್ ಹೊಡೆದದ್ದು ನೋಡಿ ಕಣ್ಣು ತುಂಬಿತು. ಆದರೆ ಮಾಷ್ಟ್ರು ಹೇಳಿದ್ದು ಅಲ್ಲಿ ಕೂತು ನೋಡಿದಾಗ ಸ್ಪಷ್ಟ ಕಾಣ್ತಿತ್ತು. ನಿಮ್ಮವರು 2-0 ಹಿಂದೆ ಬಿದ್ದು 2-2 ಮಾಡಿದರು. ಅಲ್ಲಿಂದ ಮುಂದೆ ಮೂರನೇ ಗೋಲಿಗೆ ಎಲ್ಲರೂ ಮೇಲೆ ಓಡಿದರು, ಹಿಂದೆ ಉಳಿದವರ ನಡುವೆ ಮಾತೇ ಇರಲಿಲ್ಲ. ಛೆಟ್ರಿಗೆ ಓಟ ಬೇಡ, ಜಾಗ ಸಾಕು. ಆ ಜಾಗವನ್ನು ನೀವೇ ಕೊಟ್ಟಿರಿ.

ಕನ್ನಡದವರಾಗಿ ಬೆಂಗಳೂರನ್ನು ಬಿಟ್ಟು ಕೊಚ್ಚಿಯನ್ನು ಯಾಕೆ ಹಿಡಿದುಕೊಂಡಿದ್ದೀರಿ ಅಂತ ನನಗೆ ಈಗಲೂ ಅರ್ಥ ಆಗುವುದಿಲ್ಲ, ಅದು ಬೇರೆ ಮಾತು.

ಚಂದ್ರಗಿರಿ ತೀರದವಳು
17 ಡಿಸೆಂಬರ್, ರಾತ್ರಿ 11:02

ಭಾವ, ಬೇರೆ ಮಾತು ಅಂತ ಹೇಳಿ ಅದನ್ನೇ ಹೇಳಿದಿರಿ, ಹಾಗಾಗಿ ಉತ್ತರ ಕೊಡುತ್ತೇನೆ. ನನ್ನ ಅಜ್ಜಿ ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಗದ್ದೆಯಲ್ಲಿ ತುಳು ಮಾತಾಡಿದವರು. ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ 1956ರ ಗಡಿ ನಮ್ಮನ್ನು ಕೇಳಿ ಎಳೆದದ್ದಲ್ಲ. ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು, ಕನ್ನಡದಲ್ಲೇ ಬರೆಯುವವಳು. ಹಾಗಂತ ನಾನು ನೋಡಿ ಬೆಳೆದ ಫುಟ್‌ಬಾಲ್ ಬೆಂಗಳೂರಿನದ್ದಲ್ಲ. ಸಂಜೆ ಮೊಗ್ರಾಲಿನ ಮೈದಾನದಲ್ಲಿ, ಗದ್ದೆ ಕೊಯ್ಲು ಮುಗಿದ ಮೇಲೆ ರಾತ್ರಿ ದೀಪದ ಬೆಳಕಿನಲ್ಲಿ ನಡೆಯುವ ಸೆವೆನ್ಸ್‌ನಲ್ಲಿ, ಅಂದರೆ ಏಳು ಜನರ ತಂಡದ ಆಟದಲ್ಲಿ ನೋಡಿದ್ದು. 2016ರ ಫೈನಲ್‌ನಲ್ಲಿ ಕೊಚ್ಚಿಯಲ್ಲಿ ತಲೆಯಿಂದ ಗೋಲು ಹೊಡೆದ ಮಹಮ್ಮದ್ ರಫಿ ನಮ್ಮ ಜಿಲ್ಲೆಯ ತೃಕ್ಕರಿಪುರದವರು. ಆಗ ನಾನು ಎಂಟನೇ ಕ್ಲಾಸು. ಆ ಗೋಲಿಗೆ ನಮ್ಮ ಬೀದಿಯಲ್ಲಿ ಹಾರಿದ ಪಟಾಕಿ ಸದ್ದು ಈಗಲೂ ಕಿವಿಯಲ್ಲಿ ಉಂಟು. ಆಮೇಲೆ ಪೆನಾಲ್ಟಿಯಲ್ಲಿ 4-3ಕ್ಕೆ ಸೋತದ್ದೂ.

ಇನ್ನು 2022ರ ಸಂತೋಷ್ ಟ್ರೋಫಿ ಸೆಮಿಯಲ್ಲಿ ಮಂಜೇರಿಯಲ್ಲಿ ಕೇರಳ ಕರ್ನಾಟಕದ ಮೇಲೆ 7-3 ಗೆದ್ದಾಗ, ಬದಲಿ ಆಟಗಾರನಾಗಿ ಇಳಿದ ಜೆಸಿನ್ ಐದು ಗೋಲು ಹೊಡೆದಾಗ, ನನಗೆ ಪೂರ್ತಿ ಖುಷಿ ಪಡಲಿಕ್ಕೆ ಆಗಲಿಲ್ಲ. ಮರು ವರ್ಷ ರಿಯಾದ್‌ನಲ್ಲಿ ಕರ್ನಾಟಕ 54 ವರ್ಷಗಳ ನಂತರ ಅದೇ ಟ್ರೋಫಿ ಗೆದ್ದಾಗ ಅತ್ತೆ. ಎರಡೂ ನನ್ನವೇ. ಕ್ಲಬ್ ಮಾತ್ರ ಒಂದು.

ಕೋಚ್ ವಿಷಯಕ್ಕೆ ಬಂದರೆ, ನನ್ನ ಮತ ಪುರುಷೋತ್ತಮನ್ ಅವರಿಗೆ. ಸೀಸನ್ ಮುಗಿಯುವವರೆಗೆ ಪೂರ್ತಿ ಅಧಿಕಾರ ಕೊಡಲಿ. ತ್ರಿಶ್ಶೂರಿನವರು, ವರ್ಷಗಳಿಂದ ಕ್ಲಬ್ಬಿನ ಒಳಗೇ ಇದ್ದವರು. ವಿಬಿನ್, ಕೋರು ಸಿಂಗ್‌ರಂಥ ಹುಡುಗರು ಅವರಿಗೆ ಹೊಸಬರಲ್ಲ.

ಕಂಠೀರವದ ಭಾವ
17 ಡಿಸೆಂಬರ್, ರಾತ್ರಿ 11:20

ತಂಗಿ, ಆ ಮಾತು ಹಿಂತೆಗೆದುಕೊಂಡೆ. ರಿಯಾದ್ ಫೈನಲ್ ನಾನೂ ನೋಡಿದ್ದೆ.

ಅಡಿಕೆ ತೋಟದವ, ಮುಳ್ಳೇರಿಯ
18 ಡಿಸೆಂಬರ್, ಬೆಳಿಗ್ಗೆ 6:50

ತೋಟಕ್ಕೆ ನೀರು ಬಿಟ್ಟು ಬಂದು ಎಲ್ಲ ಓದಿದೆ. ನಾನು ಹಠ ಹಿಡಿದವ ಅಂತ ತಿಳಿಯಬೇಡಿ. ಆದರೆ ಆಶಾನ್ ಯಾಕೆ ಅಂತ ಹೇಳ್ತೇನೆ.

2022ರ ಮಾರ್ಚ್ 20, ಐಎಸ್‌ಎಲ್ ಫೈನಲ್. ನಾವು ಆರು ಜನ ಕೊಂಕಣ ರೈಲು ಹಿಡಿದು ಮಡಗಾಂವ್ ತಲುಪಿದೆವು. ಫತೋರ್ಡಾ ಸ್ಟೇಡಿಯಂ ಇಡೀ ಹಳದಿ. ಆಡುವವರಿಗೆ ಮಾತ್ರ ಹಳದಿ ಅಂಗಿ ಸಿಗಲಿಲ್ಲ, ಅದು ಹೈದರಾಬಾದಿನವರ ಪಾಲಾಗಿತ್ತು. ನಮ್ಮವರು ಕಪ್ಪು ಅಂಗಿಯಲ್ಲಿ ಇಳಿದರು. ರಾಹುಲ್ ಗೋಲು ಹೊಡೆದಾಗ ನನ್ನ ಪಕ್ಕ ನಿಂತ ಗುರುತಿಲ್ಲದ ಹಿರಿಯರು ನನ್ನನ್ನು ಅಪ್ಪಿಕೊಂಡರು. ಕೊನೆಗೆ ಸಮ ಆಯ್ತು, ಪೆನಾಲ್ಟಿ ಬಂತು, ಗೋಲಿನಲ್ಲಿ ಲಕ್ಷ್ಮೀಕಾಂತ ಕಟ್ಟಿಮನಿ. ಮೂರು ಹಿಡಿದ ಮನುಷ್ಯ. ಆ ಹೆಸರು ನಮ್ಮದೇ ಕಡೆಯ ಹೆಸರಿನ ಹಾಗೆ ಕೇಳ್ತದೆ, ಅದೇ ನನಗೆ ಇನ್ನೂ ಕೊರಗು. ಸೋತ ಮೇಲೆ ಇವಾನ್ ಗ್ಯಾಲರಿ ಹತ್ತಿರ ಬಂದು ಕೈ ಮುಗಿದರು. ಸೋತು ವಾಪಸ್ ಬರುವಾಗಲೂ ರೈಲಿನಲ್ಲಿ ಯಾರೂ ಅವರಿಗೆ ಬಯ್ಯಲಿಲ್ಲ. ಬೇರೆ ಯಾವ ಕೋಚ್ ಕಾಲದಲ್ಲೂ ನಾನು ಹಾಗೆ ಕಂಡಿಲ್ಲ.

2023ರ ಮಾರ್ಚ್ 3ಕ್ಕೆ ಬೆಂಗಳೂರಿನಲ್ಲಿ ನಮ್ಮವರು ಸಿದ್ಧರಾಗುವ ಮೊದಲೇ ಛೆಟ್ರಿ ಫ್ರೀ ಕಿಕ್‌ನಲ್ಲಿ ಗೋಲು ಹೊಡೆದಾಗ ಇವಾನ್ ತಂಡವನ್ನು ಹೊರಗೆ ಕರೆದುಕೊಂಡು ಬಂದರು. ಅದು ಸರಿಯೋ ತಪ್ಪೋ ನೀವು ಹೇಳಿ. ಕ್ಲಬ್ಬಿಗೆ 4 ಕೋಟಿ ದಂಡ, ಅವರಿಗೆ 10 ಪಂದ್ಯ ನಿಷೇಧ. ಆದರೆ ಆಟಗಾರರನ್ನು ತನ್ನ ಮಕ್ಕಳ ಹಾಗೆ ಕಂಡವರು ಅವರು. ಈಗಿನ ತಂಡಕ್ಕೆ ಮೊದಲು ಬೇಕಾದ್ದು ಧೈರ್ಯ. ಅದನ್ನು ಅವರು ಕೊಡ್ತಾರೆ.

ಮೊಗ್ರಾಲ್ ಗೋಲಿ
18 ಡಿಸೆಂಬರ್, ಮಧ್ಯಾಹ್ನ 1:15

ನಾನು ಗೋಲ್‌ಕೀಪರ್ ಆಗಿ ಹದಿನಾಲ್ಕು ವರ್ಷ ಸೆವೆನ್ಸ್ ಆಡಿದವ, ಈಗ ಮಕ್ಕಳಿಗೆ ಹೇಳಿಕೊಡ್ತೇನೆ. ಯಾರೂ ಹೇಳದ ಒಂದು ವಿಷಯ ಹೇಳ್ತೇನೆ.

ಸ್ಟಾರೆ ತಂಡ ಮೇಲಿಂದಲೇ ಒತ್ತಡ ಹಾಕಿ ಆಡುತ್ತಿತ್ತು. ಎದುರಾಳಿಯ ಡಿಫೆಂಡರ್ ಕಾಲಿನಲ್ಲಿ ಚೆಂಡು ಇರುವಾಗಲೇ ನಾಲ್ಕು ಜನ ಮುನ್ನುಗ್ಗಬೇಕು. ಅದು ಒಳ್ಳೆಯ ಪದ್ಧತಿ, ಆದರೆ ಮುಂದಿನವರು ಹೋದಾಗ ಹಿಂದಿನ ನಾಲ್ವರೂ ಒಟ್ಟಿಗೆ ಮೇಲೆ ಬರಬೇಕು. ನಮ್ಮಲ್ಲಿ ಮುಂದಿನವರು ಹೋಗ್ತಾರೆ, ಹಿಂದಿನವರು ಅಲ್ಲೇ ನಿಲ್ತಾರೆ. ನಡುವೆ ಮೂವತ್ತು ಮೀಟರ್ ಖಾಲಿ. ಚೆಂಡು ಅಲ್ಲಿ ಬಿದ್ದರೆ ಎದುರಾಳಿ ತಿರುಗಿ ನೇರ ಗೋಲಿಯನ್ನು ನೋಡ್ತಾನೆ. ಇದೇ ಜಾಗ ಭಾವನಿಗೆ ಕಂಠೀರವದಲ್ಲಿ ಕಂಡದ್ದು. ಮೊದಲು ಈ ಜಾಗವನ್ನು ಜೀಕ್ಸನ್ ಕಾಯ್ತಿದ್ದ, ಹಿಂದೆ ನಿಂತು ಲೆಸ್ಕೋವಿಚ್ ಕೂಗ್ತಿದ್ದ. ಇಬ್ಬರೂ ಇಲ್ಲ. ಕೂಗುವವರು ಇಲ್ಲದ ಡಿಫೆನ್ಸಿನ ಹಿಂದೆ ನಿಂತ ಗೋಲಿಯ ಕಷ್ಟ ನನಗೆ ಗೊತ್ತು. ಚೆಂಡು ಕೈಜಾರಿದ್ದು ಮಾತ್ರ ಜನರಿಗೆ ಕಾಣ್ತದೆ. ನಮ್ಮ ಗೋಲಿ ಸಚಿನ್ ಸುರೇಶ್‌ಗೆ ಬಯ್ಯುವವರು ಇದನ್ನು ಒಮ್ಮೆ ಯೋಚಿಸಿ.

ಹಾಗಾಗಿ ನನಗೂ ಪುರುಷೋತ್ತಮನ್ ಅವರೇ ಸರಿ ಅಂತ ಕಾಣ್ತದೆ. ಅವರೂ ಗೋಲ್‌ಕೀಪರ್ ಆಗಿದ್ದವರು. ಹಿಂದಿನಿಂದ ಆಟ ನೋಡಿದವರಿಗೆ ಆ ಖಾಲಿ ಜಾಗ ಮೊದಲು ಕಾಣ್ತದೆ. ಹತ್ತು ದಿನದಲ್ಲಿ ಹೊಸ ಪದ್ಧತಿ ಬೇಡ. ಡಿಫೆನ್ಸಿನ ಗೆರೆಯನ್ನು ಹತ್ತು ಮೀಟರ್ ಕೆಳಗೆ ಇಳಿಸಲಿ, ನಡುವಿನಲ್ಲಿ ಇಬ್ಬರನ್ನು ಕೂರಿಸಲಿ. ಅಷ್ಟು ಮಾಡಿದರೆ ಅರ್ಧ ಗೋಲು ನಿಲ್ತದೆ.

ಉಪ್ಪಳದ ಹಳದಿ
18 ಡಿಸೆಂಬರ್, ರಾತ್ರಿ 9:20

ಗೋಲಿಯವರ ಮಾತು ಮತ್ತು ಮಾಷ್ಟ್ರ ಪಟ್ಟಿ ಎರಡನ್ನೂ ಓದಿ ನನ್ನ ಮತ ಬದಲಾಯ್ತು. "ಐಎಸ್‌ಎಲ್ ಗೊತ್ತಿರಬೇಕು" ಎಂದು ಬರೆದಾಗ ಸ್ಕಾಟೋರಿ, ಕಿಬು ನನ್ನ ತಲೆಯಲ್ಲಿ ಇರಲಿಲ್ಲ.

2014ರಿಂದ ನೋಡಿ. ಡೇವಿಡ್ ಜೇಮ್ಸ್, ಪೀಟರ್ ಟೇಲರ್, ಟೆರಿ ಫೆಲನ್, ಸ್ಟೀವ್ ಕೋಪೆಲ್, ಮ್ಯೂಲೆನ್‌ಸ್ಟೀನ್, ಪುನಃ ಜೇಮ್ಸ್, ನೆಲೊ ವಿಂಗಾಡ, ಸ್ಕಾಟೋರಿ, ಕಿಬು, ಇವಾನ್, ಸ್ಟಾರೆ. ಹನ್ನೊಂದು ಸೀಸನ್. ಟೇಲರ್, ಮ್ಯೂಲೆನ್‌ಸ್ಟೀನ್, ಎರಡನೇ ಸಲದ ಜೇಮ್ಸ್, ಕಿಬು, ಸ್ಟಾರೆ ಎಲ್ಲರೂ ಸೀಸನ್ ನಡುವೆ ಹೋದವರು. ಪ್ರತಿ ಸಲ ನಾವು ಹೊಸ ಹೆಸರಿನ ಹಿಂದೆ ಬಿದ್ದೆವು. ಪ್ರತಿ ಸಲ ಮುಂದಿನವರ ಕೈಗೆ ಒಡೆದ ಕೊಡ ಕೊಟ್ಟೆವು.

ಮುಳ್ಳೇರಿಯದ ಅಣ್ಣ, ಇವಾನ್ ಅವರ ಮೇಲೆ ನನಗೂ ಅಷ್ಟೇ ಪ್ರೀತಿ. ಆದರೆ 2023ರ ಡಿಸೆಂಬರ್ ಕೊನೆಗೆ ನಾವು ಪಟ್ಟಿಯ ಮೇಲ್ತುದಿಯಲ್ಲಿದ್ದೆವು. ಆಮೇಲೆ ಗಾಯಗೊಂಡಿದ್ದ ಲೂನಾ ಇಲ್ಲದೆ ತಂಡ ಜಾರುತ್ತಾ ಹೋಯ್ತು, ಐದನೇ ಸ್ಥಾನಕ್ಕೆ ಬಿತ್ತು, ಏಪ್ರಿಲ್‌ನಲ್ಲಿ ಒಡಿಶಾ ಮುಂದೆ ಮುಗಿಯಿತು. ಆಗಲೂ ಬೆಂಚಿನಲ್ಲಿ ಬದಲಿ ಇರಲಿಲ್ಲ. ಅವರೇ ವಾಪಸ್ ಬಂದರೂ ಜನವರಿಯಲ್ಲಿ ಒಬ್ಬ ಗಟ್ಟಿ ಸೆಂಟರ್ ಬ್ಯಾಕ್, ಒಬ್ಬ ಡಿಫೆನ್ಸಿವ್ ಮಿಡ್‌ಫೀಲ್ಡರ್ ಬರದಿದ್ದರೆ ಅವರ ಹೆಸರೂ ಕೆಡ್ತದೆ. ಅದನ್ನು ನೋಡಲಿಕ್ಕೆ ನನಗೆ ಮನಸ್ಸಿಲ್ಲ.

ಈಗ ನನ್ನ ಮತ: ಮೇ ತನಕ ಪುರುಷೋತ್ತಮನ್. ಅಷ್ಟರಲ್ಲಿ ಹೊಸ ಕೋಚ್ ಯಾರೆಂದು ತೀರ್ಮಾನಿಸಿ, ಬೇಸಗೆಯ ಖರೀದಿ ಶುರುವಾಗುವ ಮೊದಲೇ ಅವರನ್ನು ಕೂರಿಸಿ, ಯಾರು ಬೇಕು ಯಾರು ಬೇಡ ಎಂದು ಅವರನ್ನು ಕೇಳಿ ತಂಡ ಕಟ್ಟಲಿ. ನಮ್ಮ ಅಭಿಮಾನಿ ಬಳಗ ಮಂಜಪ್ಪಡದವರು ಟಿಕೆಟ್ ವಿಷಯದಲ್ಲಿ ಹಿಡಿದ ಹಠ ಕೂಡ ಕೋಚ್ ಮೇಲೆ ಅಲ್ಲ, ಮ್ಯಾನೇಜ್‌ಮೆಂಟ್ ಮೇಲೆ. ಅದು ಸರಿಯಾದ ಬಾಗಿಲು ತಟ್ಟಿದ ಹಾಗೆ.

ಶಾರ್ಜಾದಲ್ಲಿರುವ ಕುಂಬಳೆಯವ
18 ಡಿಸೆಂಬರ್, ರಾತ್ರಿ 11:48

ಮೇ ತನಕ ಕಾಯಬೇಕಾ? ಆಗ ಪ್ಲೇ ಆಫ್ ಹೋಗಿರ್ತದೆ. ಲೀಗಿನಲ್ಲಿ ಕೆಳಗೆ ಬೀಳುವ ಭಯ ಇಲ್ಲ ಅಂತ ಹೀಗೆ ಸೀಸನ್ ಬಿಟ್ಟುಕೊಡ್ಲಿಕ್ಕೆ ನಾನು ತಯಾರಿಲ್ಲ. ಇಲ್ಲಿ ಕೆಲಸ ಮುಗಿಸಿ ಬಂದು, ಆರು ಜನ ಒಂದು ಕೋಣೆಯಲ್ಲಿ ಕೂತು ಪಂದ್ಯ ನೋಡ್ತೇವೆ. ವಾರಕ್ಕೆ ನಮಗೆ ಇರುವ ಊರು ಅದೊಂದೇ.

ನೀರ್ಚಾಲು ಮಾಷ್ಟ್ರು
19 ಡಿಸೆಂಬರ್, ಬೆಳಿಗ್ಗೆ 7:30

ಕುಂಬಳೆಯವರೇ, ಯಾರೂ ಸೀಸನ್ ಬಿಟ್ಟುಕೊಡಿ ಎನ್ನುತ್ತಿಲ್ಲ. 12 ಪಂದ್ಯ, 36 ಅಂಕ ಇನ್ನೂ ಮೇಜಿನ ಮೇಲಿದೆ. ಹೋದ ಸೀಸನ್ ನಾವು 33 ಅಂಕಕ್ಕೆ ಐದನೆಯವರಾದೆವು. ಈಗ 11 ಇದೆ. ಏಳು ಪಂದ್ಯ ಗೆದ್ದರೆ ಮಾತು ಬೇರೆಯೇ ಆಗುತ್ತದೆ. ಅದನ್ನು ಮಾಡಲು ಒಳಗಿನವರಿಗೆ ಹೆಚ್ಚು ಅನುಕೂಲವೋ, ಈಗ ವಿಮಾನ ಇಳಿಯುವವರಿಗೋ? ಅಷ್ಟೇ ಪ್ರಶ್ನೆ.

ಚಂದ್ರಗಿರಿ ತೀರದವಳು
23 ಡಿಸೆಂಬರ್, ಬೆಳಿಗ್ಗೆ 10:15

ನಿನ್ನೆ ಕೊಚ್ಚಿಯ ಕಲೂರು ಸ್ಟೇಡಿಯಂಗೆ ಹೋಗಿದ್ದೆವು, ನಾನು ಮತ್ತು ಅಣ್ಣ. ರಾತ್ರಿ ಮಾವೇಲಿ ರೈಲಿನಲ್ಲಿ ಬಂದು ಈಗಷ್ಟೇ ಚಹಾ ಕುಡಿದೆ. ಮೊಹಮ್ಮಡನ್ ಮೇಲೆ 3-0!

ಗ್ಯಾಲರಿ ಮೊದಲಿನ ಹಾಗೆ ತುಂಬಿರಲಿಲ್ಲ. ಮೊದಲ ಅರ್ಧದಲ್ಲಿ ಗೋಲು ಬರಲಿಲ್ಲ, ನನ್ನ ಹಿಂದೆ ಕೂತವರು ಗೊಣಗಲಿಕ್ಕೆ ಶುರು ಮಾಡಿದ್ದರು. 62ನೇ ನಿಮಿಷಕ್ಕೆ ಲೂನಾ ಕಾರ್ನರ್, ಅವರ ಗೋಲಿ ತಟ್ಟಲು ಹೋದ ಚೆಂಡು ಅವರದೇ ಬಲೆಗೆ. ಆಮೇಲೆ ನೋವಾ, ಕೊನೆಗೆ ಕೋಯೆಫ್. ಆದರೆ ನನಗೆ ಗೋಲಿಗಿಂತ ಹೆಚ್ಚು ಖುಷಿ ಕೊಟ್ಟದ್ದು ಆ ಸೊನ್ನೆ. ಮೊಗ್ರಾಲಿನ ಅಣ್ಣ ಹೇಳಿದ ಖಾಲಿ ಜಾಗವನ್ನೇ ನಾನು ಇಡೀ ಪಂದ್ಯ ನೋಡ್ತಾ ಕೂತಿದ್ದೆ. ನಿನ್ನೆ ಅಲ್ಲಿ ಯಾವಾಗಲೂ ಒಬ್ಬ ಇದ್ದ.

ಮೊಗ್ರಾಲ್ ಗೋಲಿ
23 ಡಿಸೆಂಬರ್, ಬೆಳಿಗ್ಗೆ 11:00

ನನಗೂ ಟಿವಿಯಲ್ಲಿ ಹಾಗೆ ಕಂಡಿತು. ಎದುರಾಳಿ ಬಲವಾದ ತಂಡ ಅಲ್ಲ, ಅದು ನೆನಪಿರಲಿ. ನಿಜವಾದ ಪರೀಕ್ಷೆ 29ಕ್ಕೆ. ಜಮ್‌ಶೆಡ್‌ಪುರ, ಅವರ ಅಂಗಳದಲ್ಲಿ. ಎದುರು ಬೆಂಚಿನಲ್ಲಿ ಖಾಲಿದ್.

ಶಾರ್ಜಾದಲ್ಲಿರುವ ಕುಂಬಳೆಯವ
29 ಡಿಸೆಂಬರ್, ರಾತ್ರಿ 11:05

1-0. ಪ್ರತೀಕ್ ಚೌಧರಿ, 61ನೇ ನಿಮಿಷ. ಒಬ್ಬ ಡಿಫೆಂಡರ್ ಬಂದು ಹೊಡೆದು ಹೋದ. ಖಾಲಿದ್ ಭಾಯಿ ಒಂದು ಗೋಲು ತೆಗೆದು ಬಾಗಿಲು ಹಾಕಿಕೊಂಡರು, ನಾವು ಕೊನೆಯವರೆಗೂ ತಟ್ಟುತ್ತಾ ಇದ್ದೆವು. ನಾನು ಮೊದಲ ದಿನ ಹೇಳಿದ್ದು ಇದೇ ಮನುಷ್ಯನ ಹೆಸರು.

ಉಪ್ಪಳದ ಹಳದಿ
29 ಡಿಸೆಂಬರ್, ರಾತ್ರಿ 11:30

ನಾನೂ ಮೊದಲ ದಿನ ಅದೇ ಹೆಸರು ಹೇಳಿದವ. ಇವತ್ತು ಅವರ ತಂಡ ನಿಂತ ರೀತಿ ನೋಡಿ ಹೊಟ್ಟೆ ಉರಿಯಿತು. ಆದರೆ ಅವರು ಅಲ್ಲಿಗೆ ಹೋಗಿ ಒಂದು ವರ್ಷ ಆಯ್ತು, ನಮ್ಮವರು ಬೆಂಚಿಗೆ ಬಂದು ಹದಿಮೂರು ದಿನ. ಬಿಟ್ಟದ್ದು ಒಂದೇ ಗೋಲು. ನಾನು ನನ್ನ ಮಾತು ಬದಲಿಸುವುದಿಲ್ಲ, ಪುರುಷೋತ್ತಮನ್ ಇರಲಿ. ಜನವರಿಯಲ್ಲಿ ಸೆಂಟರ್ ಬ್ಯಾಕ್ ಬರಲಿ.

ಅಡಿಕೆ ತೋಟದವ, ಮುಳ್ಳೇರಿಯ
30 ಡಿಸೆಂಬರ್, ಬೆಳಿಗ್ಗೆ 6:40

ಜನವರಿ 5ಕ್ಕೆ ಪಂಜಾಬ್, ದೆಹಲಿಯಲ್ಲಿ. ತಿರುವೋಣದ ದಿನ ನಮ್ಮ ಮನೆಯಲ್ಲೇ ನಮ್ಮನ್ನು 2-1 ಸೋಲಿಸಿ ಹಬ್ಬದ ಊಟ ಕಹಿ ಮಾಡಿದವರು. ನಮ್ಮ ಜಗಲಿಯಲ್ಲಿ ದೊಡ್ಡ ಪರದೆ ಹಾಕ್ತೇನೆ. ಬರುವವರು ಶನಿವಾರದೊಳಗೆ ಹೇಳಿ, ಅವಲಕ್ಕಿ ಎಷ್ಟು ಕಲಸಬೇಕು ಅಂತ ಗೊತ್ತಾಗಬೇಕಲ್ಲ. ಆಶಾನ್ ಫೋಟೋ ಗೋಡೆಯಲ್ಲಿ ಇರ್ತದೆ, ಅದನ್ನು ನಾನು ತೆಗೆಯುವುದಿಲ್ಲ.

ಕಂಠೀರವದ ಭಾವ
30 ಡಿಸೆಂಬರ್, ಬೆಳಿಗ್ಗೆ 8:10

ಆ ವಾರ ಊರಿಗೆ ಬರ್ತಿದ್ದೇನೆ. ನೀಲಿ ಅಂಗಿ ಹಾಕಿ ಬರಬಹುದಾ?

ಅಡಿಕೆ ತೋಟದವ, ಮುಳ್ಳೇರಿಯ
30 ಡಿಸೆಂಬರ್, ಬೆಳಿಗ್ಗೆ 8:25

ಬನ್ನಿ ಭಾವ. ಬೇಗ ಬನ್ನಿ, ಪರದೆ ಕಟ್ಟಲಿಕ್ಕೆ ಒಂದು ಕೈ ಬೇಕು.